ರಿಪೋರ್ಟ್ ನಾರ್ಮಲ್ ಬಂದ ಮೇಲೂ ಮಾತ್ರೆ ಏಕೆ?

ಕೊಲೆಸ್ಟ್ರಾಲ್‌ಗೆ ಮಾತ್ರೆ ತೆಗೆದುಕೊಳ್ಳುವ ಅನೇಕರು ರಿಪೋರ್ಟ್ ನಾರ್ಮಲ್ ಬಂದ ಕೂಡಲೇ, ವೈದ್ಯರಿಗೆ ಒಂದು ಮಾತೂ ಹೇಳದೆ, ಅದನ್ನು ನಿಲ್ಲಿಸಿಬಿಡುತ್ತಾರೆ. ಇದು ನನ್ನನ್ನು ತೀವ್ರವಾಗಿ ಕಾಡುವ ವಿಷಯ. ಆ ನಾರ್ಮಲ್ ಅಂಕಿ ಬಂದದ್ದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಮತ್ತೆ ಏರುತ್ತದೆ.

ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ಊಟದಿಂದ ಬಂದದ್ದಲ್ಲ, ದೇಹವೇ ತಯಾರಿಸಿದ್ದು. ಕೊಲೆಸ್ಟ್ರಾಲ್‌ಗೆ ಸಾಮಾನ್ಯವಾಗಿ ಕೊಡುವ ಸ್ಟ್ಯಾಟಿನ್ ಎಂಬ ಗುಂಪಿನ ಮಾತ್ರೆಯು ಯಕೃತ್ತಿನಲ್ಲಿ ಆ ತಯಾರಿಕೆಗೆ ಬೇಕಾದ ಕಿಣ್ವವನ್ನು ತಡೆಯುತ್ತದೆ. ಆಗ ಕೊರತೆಯನ್ನು ತುಂಬಿಕೊಳ್ಳಲು ಯಕೃತ್ತಿನ ಜೀವಕೋಶಗಳು ತಮ್ಮ ಮೈಮೇಲೆ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು (ರಿಸೆಪ್ಟರ್) ಹೆಚ್ಚಾಗಿ ಮೂಡಿಸಿಕೊಂಡು, ರಕ್ತದಲ್ಲಿ ಹರಿಯುವ ಎಲ್‌ಡಿಎಲ್ ಕಣಗಳನ್ನು ಒಳಗೆ ಸೆಳೆದುಕೊಳ್ಳುತ್ತವೆ. ಮಾತ್ರೆ ನಿಂತರೆ ಈ ಸೆಳೆತವೂ ತಗ್ಗುತ್ತದೆ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಬೂಷ್ಟಿನಿಂದ ಸ್ಟ್ಯಾಟಿನ್ ಗುಂಪಿನ ಮೊದಲ ವಸ್ತುವನ್ನು ಬೇರ್ಪಡಿಸಿದರು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ, 4,444 ಹೃದ್ರೋಗಿಗಳ ಪೈಕಿ ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ ಸಾವಿನ ಅಪಾಯ ಶೇ. 30ರಷ್ಟು ಕಡಿಮೆಯಾಯಿತು. ನನ್ನ ಮಟ್ಟಿಗೆ ಚಿಕಿತ್ಸೆಯ ಗುರಿ ಇದು; ರಿಪೋರ್ಟಿನ ಅಂಕಿ ಆ ದಾರಿಯ ಗುರುತಷ್ಟೇ.

ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್‌ನ ಲೆಕ್ಕವೇ ಬೇರೆ. ಅದು ಡೆಸಿಲೀಟರ್‌ಗೆ 1,000 ಮಿಲಿಗ್ರಾಂ ದಾಟಿದವರ ರಕ್ತದಿಂದ ಬೇರ್ಪಡಿಸಿದ ಸೀರಮ್ ಹಾಲಿನಂತೆ ಬೆಳ್ಳಗಿರುವುದುಂಟು. ಅಂಥವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿರುವುದರಿಂದ ಫೆನೋಫೈಬ್ರೇಟ್‌ನಂಥ ಔಷಧಿ ಬೇಕಾಗುತ್ತದೆ. ಆದರೆ ಅಲ್ಪಸ್ವಲ್ಪ ಏರಿದವರಲ್ಲಿ ಅಂಕಿಯನ್ನು ಇಳಿಸಿದ ಮಾತ್ರಕ್ಕೆ ಹೃದಯ ಸುರಕ್ಷಿತವಾಗುವುದಿಲ್ಲ. ಬಹುಪಾಲು ಸ್ಟ್ಯಾಟಿನ್ ಪಡೆಯುತ್ತಿದ್ದ ಮಧುಮೇಹಿಗಳ ಮೇಲೆ ನಡೆದ 2022ರ ದೊಡ್ಡ ಅಧ್ಯಯನವೊಂದರಲ್ಲಿ, ಫೆನೋಫೈಬ್ರೇಟ್‌ನ ಗುಂಪಿನದೇ ಆದ ಪೆಮಾಫೈಬ್ರೇಟ್ ಟ್ರೈಗ್ಲಿಸರೈಡ್ ತಗ್ಗಿಸಿತೇ ಹೊರತು ಹೃದಯಾಘಾತಗಳನ್ನು ತಗ್ಗಿಸಲಿಲ್ಲ. ಹಾಗಾಗಿ ಮಾತ್ರೆ ಬರೆಸಿಕೊಳ್ಳುವ ಮುನ್ನ ಮದ್ಯ, ಸಕ್ಕರೆ, ಹತೋಟಿ ತಪ್ಪಿದ ಮಧುಮೇಹ, ಥೈರಾಯ್ಡ್ ಕೊರತೆ ಇವುಗಳನ್ನು ನೋಡಬೇಕೆಂಬುದು ನನ್ನ ಆಗ್ರಹ.

ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ. 6 ಮಾತ್ರ. ಅದು ಸಾಲದಿದ್ದಾಗ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಎಜೆಟಿಮೈಬ್ ಸೇರಿಸುತ್ತಾರೆ. ಅದೂ ಸಾಲದವರಿಗೆ ಇಂಜೆಕ್ಷನ್‌ಗಳಿವೆ.

ಮಾತ್ರೆ ಬಿಡಲು ಹೆಚ್ಚಿನವರು ಕೊಡುವ ಇನ್ನೊಂದು ಕಾರಣ ಸ್ನಾಯು ನೋವು. ಕೆಲವರಿಗೆ ಅದು ನಿಜವಾಗಿಯೂ ಮಾತ್ರೆಯಿಂದಲೇ ಬರುತ್ತದೆ, ಅದನ್ನು ಅಲ್ಲಗಳೆಯಬಾರದು. ಆದರೆ ಔಷಧಿಯಿಲ್ಲದ ಹುಸಿಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಅಷ್ಟೇ ನೋವು ಹೇಳಿಕೊಂಡದ್ದನ್ನು ಅಧ್ಯಯನಗಳು ತೋರಿಸಿವೆ. ನೋವು ಬಂದರೆ ವೈದ್ಯರಿಗೆ ಹೇಳಿದಲ್ಲಿ ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ತೀವ್ರ ನೋವಿನೊಂದಿಗೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.