ಟವರಿಗೆ ಬಾಯಿ ಇದೆ, ಕಿವಿಯ ಗತಿ ಏನು?

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆಯವರು ರೇಂಜ್ ಇಲ್ಲವೆಂದು ಮನವಿ ಬರೆಯುವಾಗ ಹೊಸ ಟವರ್ ಕೇಳುತ್ತಾರೆ, ಇಲ್ಲವೇ ಇದ್ದದ್ದರ ಪವರ್ ಹೆಚ್ಚಿಸಿ ಎನ್ನುತ್ತಾರೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದು ಮಾತ್ರ ರೋಗ ಒಂದು, ಮದ್ದು ಇನ್ನೊಂದು.

ನಮ್ಮ ತೋಟದ ಮನೆಗಳಲ್ಲಿ ಆಗುವುದನ್ನೇ ನೋಡಿ. ಮೊಬೈಲಿನಲ್ಲಿ ಮೂರು ಕಡ್ಡಿ ಇರುತ್ತದೆ, ಆಚೆಯವರ ಮಾತು ಚೆನ್ನಾಗಿಯೇ ಕೇಳುತ್ತದೆ. ಅವರು ಮಾತ್ರ "ಏನೂ ಕೇಳುವುದಿಲ್ಲ ಮಾರಾಯರೇ, ಅಂಗಳಕ್ಕೆ ಬನ್ನಿ" ಎನ್ನುತ್ತಾರೆ. ಕಡ್ಡಿ ಹೇಳುವುದು ಟವರಿನಿಂದ ನಮಗೆ ಬರುವ ಸಿಗ್ನಲಿನ ಲೆಕ್ಕವನ್ನಷ್ಟೇ. ಟವರು ಒಂದೊಂದು ದಿಕ್ಕಿಗೆ ಹತ್ತಾರು ವಾಟ್ ಬಿಡುತ್ತದೆ. ಸಾಮಾನ್ಯ 4ಜಿ ಮೊಬೈಲಿನ ಗರಿಷ್ಠ ಶಕ್ತಿ ಸುಮಾರು 0.2 ವಾಟ್. ಗುಡ್ಡೆ ಬಳಸಿ, ತೊಯ್ದ ಅಡಿಕೆ ಸೋಗೆಗಳನ್ನು ದಾಟಿ ಹೋಗಬೇಕಾದದ್ದು ಅಷ್ಟೇ.

ಅದನ್ನು ಹಿಡಿದುಕೊಳ್ಳಬೇಕಾದದ್ದು ಟವರಿನ ಕಿವಿಯಾದ ಲೋ ನಾಯ್ಸ್ ಆಂಪ್ಲಿಫಯರ್, ಅಂದರೆ ಎಲ್‌ಎನ್‌ಎ. ಸಿಗ್ನಲನ್ನು ದೊಡ್ಡದು ಮಾಡುವುದು ಯಾವ ಆಂಪ್ಲಿಫಯರಿಗೂ ಗೊತ್ತು. ತನ್ನದೇ ಗದ್ದಲವನ್ನು ಹೆಚ್ಚು ಬೆರೆಸದೆ ದೊಡ್ಡದು ಮಾಡುವುದು ಇದರ ಹೆಚ್ಚುಗಾರಿಕೆ. ರಿಸೀವರಿನ ಒಟ್ಟು ಗದ್ದಲವನ್ನು ಬಹುಪಾಲು ಮೊದಲ ಹಂತವೇ ನಿರ್ಧರಿಸುತ್ತದೆಂದು 1944ರಲ್ಲಿ ಹರಾಲ್ಡ್ ಫ್ರೀಸ್ ಎಂಬ ರೇಡಿಯೋ ಎಂಜಿನಿಯರ್ ಸೂತ್ರ ಹಾಕಿ ತೋರಿಸಿದ. ಒಳ್ಳೆಯ ಗ್ಯಾಲಿಯಂ ಆರ್ಸೆನೈಡ್ ಟ್ರಾನ್ಸಿಸ್ಟರ್ ಸೇರಿಸುವ ಗದ್ದಲ 1 ಡೆಸಿಬೆಲ್‌ಗಿಂತಲೂ ಕಡಿಮೆ. ಆದರೆ ಎಲ್‌ಎನ್‌ಎಯನ್ನು ಟವರಿನ ಬುಡದ ಕೋಣೆಯಲ್ಲಿಟ್ಟು ಆಂಟೆನಾದಿಂದ ಉದ್ದದ ಕೇಬಲ್ ಎಳೆದರೆ, ಆ ಕೇಬಲ್ ತಿಂದದ್ದೆಲ್ಲ ನಷ್ಟದ ಖಾತೆಗೇ. 3 ಡೆಸಿಬೆಲ್ ಹೋಯಿತೆಂದರೆ ಅರ್ಧಕ್ಕರ್ಧ ಸಿಗ್ನಲ್ ಹೋಯಿತು. ಆಮೇಲೆ ಎಷ್ಟು ಹಿಗ್ಗಿಸಿದರೂ ಸಿಗ್ನಲಿನ ಜೊತೆ ಗದ್ದಲವೂ ಹಿಗ್ಗುತ್ತದೆ. ಅದಕ್ಕೇ ಎಲ್‌ಎನ್‌ಎ ಪೆಟ್ಟಿಗೆಯನ್ನು ಆಂಟೆನಾದ ಪಕ್ಕದಲ್ಲೇ ಕೂರಿಸುವುದು. ಹೊಸ ಟವರುಗಳಲ್ಲಿ ಸಿಗ್ನಲ್ ಕಳಿಸಿ ಹಿಡಿಯುವ ರೇಡಿಯೋ ಯಂತ್ರವೇ ಮೇಲೇರಿದೆ, ಸಂತೋಷ. ನನ್ನ ಜಗಳವಿರುವುದು ಹಳೆಯವುಗಳ ಬಗ್ಗೆ.

ತುಲಾ ಮಾಸದ ಸಿಡಿಲಿಗೆ ಆ ಪೆಟ್ಟಿಗೆ ಕೆಟ್ಟರೆ ಸಿಗ್ನಲ್ ಆಂಪ್ಲಿಫಯರನ್ನು ಬಿಟ್ಟು ನೇರ ಕೇಬಲಿಗೆ ಇಳಿಯುವ ಏರ್ಪಾಡು ಅದರೊಳಗೇ ಇರುತ್ತದೆ. ಟವರ್ ನಿಲ್ಲುವುದಿಲ್ಲ, ಕಡ್ಡಿಯೂ ಇಳಿಯುವುದಿಲ್ಲ. ದೂರದ ಮನೆಯವರ ಮಾತು ಮಾತ್ರ ತಲುಪುವುದಿಲ್ಲ. ಆಷಾಢದ ಮಳೆನೀರು ಕೇಬಲಿನ ಕನೆಕ್ಟರಿಗೆ ಇಳಿದರೂ ಆ ಮಾತು ದಾರಿಯಲ್ಲೇ ಸೊರಗುತ್ತದೆ. ದೂರು ಕೊಟ್ಟರೆ "ಟವರ್ ಸರಿಯಾಗಿದೆ" ಎಂಬ ಉತ್ತರ ಬರುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ!

ರೋಸಿಹೋಗಿ ಬೂಸ್ಟರ್ ಕೊಂಡು ಮಾಡಿನ ಮೇಲೆ ಕಟ್ಟುವವರಿಗೂ ಒಂದು ಮಾತು. ಅನುಮತಿಯಿಲ್ಲದೆ ಅದನ್ನು ಬಳಸುವುದು ಕಾನೂನುಬಾಹಿರ. ಸಾಲದ್ದಕ್ಕೆ ಅದು ಉಗುಳುವ ಗದ್ದಲ ಟವರಿನ ರಿಸೀವರಿಗೇ ಹೋಗಿ ನೆರೆಕರೆಯವರ ಮಾತನ್ನೂ ಮುಚ್ಚಿಹಾಕುತ್ತದೆ.

ಆದ್ದರಿಂದ ಮುಂದಿನ ಮನವಿಯಲ್ಲಿ ಪವರ್ ಕೇಳಬೇಡಿ. ಮೇಲಿನ ಪೆಟ್ಟಿಗೆ ಕೆಟ್ಟಾಗ ಕಂಪನಿಯ ಕಂಪ್ಯೂಟರಿಗೆ ಅಲಾರಂ ಹೋಗುತ್ತದೆ. ನಮ್ಮ ಟವರಿನದ್ದು ಎಂದಿನಿಂದ ಬರುತ್ತಿದೆ, ನೋಡಲು ಮೇಲೆ ಹತ್ತಿದವರು ಯಾರು ಎಂದು ಲಿಖಿತವಾಗಿ ಕೇಳಿ.