ಹೆಸರು ಉಂಗುರ, ಅಳತೆ ಬಳೆ

ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದು ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಉಂಗುರಗಳು ತಾವಾಗಿಯೇ ಬಿಡಿಸಿಕೊಂಡು ಬರುತ್ತವೆ. ಹಿಟ್ಟಿನಲ್ಲಿ ಅದ್ದಿ ಕರಿಯುವ ಆನಿಯನ್ ರಿಂಗ್ಸ್‌ಗೆ ಬೇಕಾದದ್ದು ಇವೇ. ಉಂಗುರ ಎನ್ನುವುದು ಮಾತಿಗೆ. ಕರಿಯಲು ಯೋಗ್ಯವಾದ ಹೊರಸುತ್ತುಗಳೆಲ್ಲ ಬಳೆಯ ಅಳತೆಯವು. ಬೆರಳಿಗೆ ಹೊಂದುವ ನಡುವಿನ ಪುಟಾಣಿ ಸುತ್ತನ್ನು ಪಕ್ಕಕ್ಕಿಡಬೇಕು, ಹಿಟ್ಟು ಮೆತ್ತಿದರೆ ಅದರ ತೂತೇ ಮುಚ್ಚಿಹೋಗುತ್ತದೆ.

ಗರಿಗರಿಯಾಗದಿದ್ದರೆ ಬೈಗುಳ ಬೀಳುವುದು ಎಣ್ಣೆಗೆ. ತಪ್ಪು ನೀರಿನದು. ಈರುಳ್ಳಿಯ ತೂಕದಲ್ಲಿ ಶೇ. 89ರಷ್ಟು ನೀರೇ ಇದೆ, ಕೊಯ್ದವರ ಕಣ್ಣಿಗೂ ಒಂದಿಷ್ಟು ಕೊಟ್ಟು ಉಳಿಯುವಷ್ಟು! ಹಾಗಾಗಿ ಕೊಯ್ದ ಸುತ್ತುಗಳಿಗೆ ಮೊದಲೇ ಉಪ್ಪು ಹಾಕಬಾರದು, ಅದು ಇದ್ದಬದ್ದ ನೀರನ್ನೆಲ್ಲ ಹೊರಗೆಳೆಯುತ್ತದೆ. ದಪ್ಪ 1 ಸೆಂ.ಮೀ. ಇರಲಿ. ಅದಕ್ಕಿಂತ ದಪ್ಪವಾದರೆ ಹೊರಗೆ ಕೆಂಪಾದರೂ ಒಳಗೆ ಹಸಿ.

ಇನ್ನೊಬ್ಬ ಕಳ್ಳ ಕಣ್ಣಿಗೇ ಬೀಳುವುದಿಲ್ಲ. ಪ್ರತಿ ಸುತ್ತಿನ ಒಳಮೈಗೆ ಅಂಟಿಕೊಂಡ ತೆಳು ಪೊರೆ ಅದು. ಎಷ್ಟು ನುಣುಪೆಂದರೆ ಹಿಟ್ಟು ಅದರ ಮೇಲೆ ನಿಲ್ಲುವುದೇ ಇಲ್ಲ. ಕಚ್ಚಿದೊಡನೆ ಈರುಳ್ಳಿಯಷ್ಟೇ ಸರ್ರನೆ ಬಾಯಿಗೆ ಬಂದು, ಹಾವು ಬಿಟ್ಟುಹೋದ ಪೊರೆಯಂತೆ ಖಾಲಿ ಕವಚ ಕೈಯಲ್ಲುಳಿಯುವುದು ಇದರಿಂದಲೇ. ಉಗುರಿನಿಂದ ಮೆಲ್ಲಗೆ ಕೆದಕಿದರೆ ಅಂಚಿನಿಂದ ಸುಲಿದು ಬರುತ್ತದೆ. ಬೇಸರದ ಕೆಲಸ, ನಿಜ. ಆದರೆ ಇಡೀ ಅಡುಗೆಯಲ್ಲಿ ಬಿಡಬಾರದ ಕೆಲಸವೆಂದರೆ ಇದೊಂದೇ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಬೇಕು. ಕಲಸಿದ ಹಿಟ್ಟಿಗೆ ಹಿಡಿತ ಸಿಗುವುದು ಈ ಪುಡಿಯಿಂದ.

ದೊಡ್ಡ ಈರುಳ್ಳಿ ಎರಡಕ್ಕೆ 1 ಕಪ್ ಮೈದಾ, ಕಾಲು ಕಪ್ ಕಾರ್ನ್‌ಫ್ಲೋರ್, 1 ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು. ಫ್ರಿಜ್ಜಿನಲ್ಲಿಟ್ಟ, ಕುಡಿಯುವ ಸೋಡಾ ನೀರು ಸುಮಾರು 1 ಕಪ್, ಒಮ್ಮೆಗೇ ಸುರಿಯದೆ ನೋಡಿಕೊಂಡು. ಹತ್ತು ಹದಿನೈದು ಸುತ್ತು ತಿರುವಿ ಕೈಬಿಡಿ, ಗಂಟುಳಿದರೆ ಉಳಿಯಲಿ. ನಯವಾಗಲೆಂದು ತಿರುವುತ್ತಲೇ ಇದ್ದರೆ ಮೈದಾದ ಅಂಟಾದ ಗ್ಲುಟೆನ್ ಬಲಿತು ಹೊದಿಕೆ ರಬ್ಬರಾಗುತ್ತದೆ, ಸೋಡಾದ ಗುಳ್ಳೆಗಳೂ ಹಾರಿಹೋಗುತ್ತವೆ.

ಎಣ್ಣೆ 180 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತೊಟ್ಟು ಹಿಟ್ಟು ಬಿಟ್ಟು ನೋಡಿ. ಮುಳುಗಿದ್ದು ತಕ್ಷಣ ತೇಲಿ ಬಂದರೆ ಹದ, ತಳದಲ್ಲೇ ಕೂತರೆ ಕಾಯಬೇಕು. ಒಂದು ಒಬ್ಬೆಗೆ ಹಿಟ್ಟಿನಲ್ಲಿ ಅದ್ದಿದ ನಾಲ್ಕೈದೇ ಉಂಗುರ. ಬುಸುಗುಟ್ಟುವ ಗುಳ್ಳೆಗಳೆಂದರೆ ಹೊರನುಗ್ಗುವ ಹಬೆ. ಅದು ಜೋರಾಗಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಪ್ರವೇಶ ಕಷ್ಟ. ಬಾಣಲೆ ತುಂಬಿಸಿದಿರೋ, ಎಣ್ಣೆ ತಣ್ಣಗಾಗಿ ಹಬೆಯ ಜೋರು ಇಳಿದು ಜಿಡ್ಡು ಒಳನುಗ್ಗುತ್ತದೆ. ಮಗುಚಿ ಹಾಕಿ ಒಟ್ಟು ಎರಡು ಮೂರು ನಿಮಿಷ ಕರಿದಾಗ ಸದ್ದು ತಗ್ಗುತ್ತದೆ. ತೆಗೆಯುವ ಹೊತ್ತು ಅದೇ.

ತೆಗೆದದ್ದನ್ನು ಒಂದರ ಮೇಲೊಂದು ಪೇರಿಸದೆ ತಂತಿಯ ಜಾಲರಿಯ ಮೇಲೆ ಹರಡಿ, ಬಿಸಿಯಲ್ಲೇ ಉಪ್ಪು ಉದುರಿಸಿ. ಮುಚ್ಚಳ ಮಾತ್ರ ಬೇಡ, ಅಷ್ಟು ಕಷ್ಟಪಟ್ಟು ಓಡಿಸಿದ ಹಬೆಯನ್ನು ಕರೆದು ಕೂರಿಸಿದಂತೆ. ಪಕ್ಕಕ್ಕಿಟ್ಟ ಪುಟಾಣಿ ಸುತ್ತುಗಳನ್ನು ಹೆಚ್ಚಿ, ಉಳಿದ ಹಿಟ್ಟಿಗೆ ಸೇರಿಸಿ ಕೊನೆಯ ಒಬ್ಬೆಗೆ ಚಮಚದಲ್ಲಿ ಬಿಡಬಹುದು. ಆಕಾರ ಕೇಳಬೇಡಿ.