ಸ್ವಲ್ಪ ಹೊತ್ತು ಅಡ್ಡ ಬಿದ್ದರೆ ಪಾಪವಾ?

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಚರ್ಚುಗಳಲ್ಲಿ ಪಾದ್ರಿಗಳ ಒಂದು ಪ್ರಸಂಗ ಗ್ಯಾರಂಟಿ. ತನ್ನನ್ನು ತಾನು ಪ್ರೀತಿಸಿಕೊಳ್ಳುವುದೇ ಎಲ್ಲ ಪಾಪದ ಬೇರು ಅಂತ. ಮಾತು ಸುಳ್ಳಲ್ಲ. ಅದು ಯಾರಿಗೆ ತಟ್ಟುತ್ತದೆ ಅನ್ನುವುದೇ ನನ್ನ ತಕರಾರು.

ಗಡಿಗಲ್ಲಿನ ಜಗಳದಲ್ಲಿ ತಮ್ಮನ ಜೊತೆ ಮಾತು ಬಿಟ್ಟು ಮುಂದಿನ ಬೆಂಚಿನಲ್ಲಿ ಕೂತ ದೊಡ್ಡ ಮನುಷ್ಯನಿಗೆ ಅದು ತಟ್ಟುವುದಿಲ್ಲ. ಪಕ್ಕದವನಿಗೆ ಹೇಳಿದ್ದು ಅಂದುಕೊಂಡು ತಲೆಯಾಡಿಸುತ್ತಾನೆ. ಹಿಂದಿನ ಸಾಲಿನ ಹೆಂಗಸು ಮಾತ್ರ ತಲೆ ತಗ್ಗಿಸುತ್ತಾಳೆ.

ನನ್ನ ಚಿಕ್ಕಮ್ಮನನ್ನೇ ನೋಡಿ. ಅವರ ಅತ್ತೆ ಹಾಸಿಗೆ ಹಿಡಿದು ವರ್ಷಗಳಾದವು. ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೊದಲು ಸೊಂಟಕ್ಕೆ ಒಂದು ಕೈ, ಭುಜಕ್ಕೆ ಒಂದು ಕೈ. ಆಮೇಲೆ ಮಂಡಿಗಳ ನಡುವೆ ದಿಂಬು. ಅದರ ನಡುವೆ ಅಡುಗೆ, ದನ, ಒಗೆತ. ಅವರದೇ ಮಂಡಿ ಈಗ ಮಡಚುವುದಿಲ್ಲ. "ಮಧ್ಯಾಹ್ನ ಸ್ವಲ್ಪ ಅಡ್ಡ ಬಿದ್ದೆ ಮಗಾ, ಅವರು ಕರೆದದ್ದು ಕೇಳ್ಲಿಲ್ಲ. ಪಾದ್ರಿಗಳ ಹತ್ರ ಪಾಪನಿವೇದನೆಯಲ್ಲಿ ಹೇಳ್ಬೇಕು" ಅಂದರು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ.

ಹೌದು, ಸಂತ ಅಗಸ್ಟೀನರು 5ನೇ ಶತಮಾನದಲ್ಲೇ ಬರೆದರು. ದೇವರನ್ನೇ ತಾತ್ಸಾರ ಮಾಡುವಷ್ಟು ತನ್ನನ್ನು ಪ್ರೀತಿಸುವುದರಿಂದ ಒಂದು ನಗರ ಹುಟ್ಟಿತು, ತನ್ನನ್ನೇ ಮರೆಯುವಷ್ಟು ದೇವರನ್ನು ಪ್ರೀತಿಸುವುದರಿಂದ ಇನ್ನೊಂದು ಅಂತ. 13ನೇ ಶತಮಾನದ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಕೂಡ ಮಿತಿ ತಪ್ಪಿದ ಸ್ವಪ್ರೇಮವೇ ಪಾಪಕ್ಕೆಲ್ಲ ಕಾರಣ ಅಂದವರೇ. ಆದರೆ ದೇವರ ನಂತರ ಮನುಷ್ಯ ಮೊದಲು ತನ್ನನ್ನು ಪ್ರೀತಿಸಬೇಕು, ನೆರೆಯವನು ಆಮೇಲೆ ಅಂತಲೂ ಅವರೇ ಹೇಳಿದ್ದಾರೆ. ಈ ಅರ್ಧ ಪ್ರಸಂಗಪೀಠ ಹತ್ತುವುದು ಕಡಿಮೆ. 'ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು' ಅಂದ ಯೇಸು, ನಿನ್ನನ್ನು ದ್ವೇಷಿಸಿಕೊಂಡು ಅವನನ್ನು ಪ್ರೀತಿಸು ಅನ್ನಲಿಲ್ಲ ಅಲ್ವಾ?

ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಪಾಪಿಯನ್ನು ತನ್ನೊಳಗೇ ಬಾಗಿಕೊಂಡ ಮನುಷ್ಯ ಅಂದ. (ಕಥೋಲಿಕಳಾಗಿ ಲೂಥರನ ಮಾತು ಎತ್ತಿದ್ದಕ್ಕೆ ಬಯ್ಯುವವರು ಬಯ್ಯಿರಿ.) ಹಾಗೆ ನೋಡಿದರೆ, "ನಾನು ಯಾವುದಕ್ಕೂ ಬಾರದವಳು, ನನಗೆ ಕ್ಷಮೆಯೇ ಇಲ್ಲ" ಅಂತ ಹಗಲೂ ರಾತ್ರಿ ಕೊರಗುವುದೂ ಒಳಮುಖವಾಗಿ ಬಾಗುವುದೇ. ಅಲ್ಲೂ ನಡುವೆ ಕೂತಿರುವುದು 'ನಾನು'. ಅದನ್ನು ನಾವು ವಿನಯ ಅಂತ ಹೊಗಳುತ್ತೇವೆ.

ಯೇಸುವಿನ ಶಿಷ್ಯರಾದ ಯೂದ ಮತ್ತು ಪೇತ್ರ ಇಬ್ಬರೂ ಅವರು ಸೆರೆಯಾದ ರಾತ್ರಿ ಗುರುವಿಗೆ ಕೈಕೊಟ್ಟವರು. ಒಬ್ಬ ಹಣಕ್ಕೆ ಹಿಡಿದುಕೊಟ್ಟ, ಇನ್ನೊಬ್ಬ ಅವರು ಯಾರೋ ಗೊತ್ತಿಲ್ಲ ಅಂದ. ಯೂದನಿಗೆ ಪಶ್ಚಾತ್ತಾಪ ಇರಲಿಲ್ಲವೇ? ಇತ್ತು. 30 ಬೆಳ್ಳಿ ನಾಣ್ಯ ವಾಪಸ್ ತಂದು, ಪಾಪ ಮಾಡಿದೆ ಅಂತ ಯಾಜಕರ ಮುಂದೆಯೇ ಹೇಳಿದ. ಅವರು ಕೊಟ್ಟ ಉತ್ತರ ಏನು? ನಮಗೇನು, ನೀನೇ ನೋಡಿಕೋ. ಅವನು ಹೋಗಿ ನೇಣು ಹಾಕಿಕೊಂಡ. ಧರ್ಮದ ಮಂದಿ ಆಡಿದ ಮಾತುಗಳಲ್ಲಿ ಇದಕ್ಕಿಂತ ಕಠೋರವಾದದ್ದು ನನಗೆ ಗೊತ್ತಿಲ್ಲ. ಪೇತ್ರನೂ ಬಿಕ್ಕಿ ಬಿಕ್ಕಿ ಅತ್ತ. ಆದರೆ ಯೇಸು ಸಾವಿನಿಂದ ಎದ್ದ ಮೇಲೆ ಅವನಿಗೆ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಕಾದಿತ್ತು, ರೊಟ್ಟಿ ಇತ್ತು. ಬನ್ನಿ, ಊಟ ಮಾಡಿ ಅಂದರು ಯೇಸು. 'ನನ್ನನ್ನು ಪ್ರೀತಿಸುತ್ತೀಯಾ' ಅನ್ನುವ ಪ್ರಶ್ನೆ ಬಂದದ್ದು ಊಟದ ನಂತರ. ಹಸಿದವನ ಹತ್ತಿರ ಲೆಕ್ಕ ಕೇಳಲಿಲ್ಲ.

ಇದನ್ನು ಓದಿ ರೀಲ್ಸ್ ನೋಡುವ ಮಕ್ಕಳು ಖುಷಿ ಪಡುವುದು ಬೇಡ. ನಿಮಗೆ ಒಗ್ಗದವರನ್ನೆಲ್ಲ ಬಿಟ್ಟು ನಿಮ್ಮ ನೆಮ್ಮದಿ ನೋಡಿಕೊಳ್ಳಿ ಅನ್ನುವ ಸೆಲ್ಫ್ ಲವ್ ನನಗೆ ಹಿಡಿಸುವುದಿಲ್ಲ. ಎಲ್ಲರೂ ಹಾಗೆ ಬಿಟ್ಟು ಹೋದ ಮೇಲೆ ಉಳಿದುಕೊಂಡವರೇ ಚಿಕ್ಕಮ್ಮ. ಅತ್ತೆಗೆ ಮೂವರು ಗಂಡುಮಕ್ಕಳು, ಗೊತ್ತಾ?

ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ತುಕೊಳ್ಳಲಿ ಅಂದರು ಯೇಸು. ತನ್ನ ಶಿಲುಬೆ. ಮನೆಯವರೆಲ್ಲರದ್ದನ್ನೂ ಒಬ್ಬಳ ಬೆನ್ನಿಗೆ ಕಟ್ಟಿ, ಅದಕ್ಕೆ ತ್ಯಾಗ ಅಂತ ಹೆಸರಿಡಿ ಅನ್ನಲಿಲ್ಲ. ಯೇಸುವಿನ ಕೊನೆಯ ನಡಿಗೆಯನ್ನು ಚಿತ್ರದಿಂದ ಚಿತ್ರಕ್ಕೆ ನಡೆದು ಧ್ಯಾನಿಸುವ ಶಿಲುಬೆಯ ಹಾದಿಯಲ್ಲಿ ಐದನೇ ಸ್ಥಳ ನೆನಪಿದೆಯಾ? ಸಿರೇನ್ ಊರಿನ ಸಿಮೋನ ಬಂದು ಶಿಲುಬೆಗೆ ಹೆಗಲು ಕೊಡುತ್ತಾನೆ. ಅವನಾಗಿಯೇ ಬಂದದ್ದೂ ಅಲ್ಲ, ಸೈನಿಕರು ಹಿಡಿದು ಹೊರಿಸಿದ್ದು. ಅಂತೂ ಯೇಸುವಿಗೂ ಒಬ್ಬ ಜೊತೆಗಾರ ಬೇಕಾಯಿತು. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಅಲ್ಲಿ ಮೊಣಕಾಲೂರಿ ಎದ್ದು ಆರನೇ ಸ್ಥಳಕ್ಕೆ ನಡೆಯುತ್ತೇವೆ, ಅಷ್ಟೆ.

1890ರಲ್ಲೇ ಬೇಳದಲ್ಲಿ ಶೋಕಮಾತೆಗೆ, ಅಂದರೆ ಮಗನ ನೋವು ಕಂಡು ನೊಂದ ಮರಿಯಮ್ಮನಿಗೆ, ಚರ್ಚು ಕಟ್ಟಿದ ನಾಡು ನಮ್ಮದು. ಇದೇ ಜಿಲ್ಲೆಯ ಎಣ್ಮಕಜೆ ಕಡೆ ಹೋದರೆ ಎಂಡೋಸಲ್ಫಾನ್ ಕೀಟನಾಶಕದಿಂದ ಮಲಗಿದಲ್ಲೇ ಬೆಳೆದ ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಹೋದ ತಾಯಂದಿರಿದ್ದಾರೆ. ಹೀಗೆ ನೋಡಿಕೊಳ್ಳುವವರಿಗಾಗಿ ಕೇರಳ ಸರ್ಕಾರ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯ ಯೋಜನೆ ಮಾಡಿದೆ. ಮೊತ್ತ ನಗು ತರಿಸುವಂಥದ್ದೇ. ಆದರೆ ರೋಗಿಯ ಪಕ್ಕದಲ್ಲಿ ಇನ್ನೊಂದು ಜೀವ ಇದೆ ಅಂತ ಸರ್ಕಾರಕ್ಕಾದರೂ ಕಂಡಿತು. ಹಾಸಿಗೆ ಹಿಡಿದವರನ್ನು ನೋಡಲು ಮೊನ್ನೆ ಮನೆಗೆ ಬಂದ ಪಂಚಾಯತಿನ ಪಾಲಿಯೇಟಿವ್ ನರ್ಸ್ ಅತ್ತೆಯ ಬೆನ್ನು ನೋಡಿದ ಮೇಲೆ ಚಿಕ್ಕಮ್ಮನ ಮಂಡಿ ಒತ್ತಿ ನೋಡಿದರಂತೆ. ಆಕೆ ನಮ್ಮ ಚರ್ಚಿನವರಲ್ಲ.

ನಮ್ಮ ಯುವಕ ಸಂಘದವರಿಗೆ ಒಂದು ಮಾತು. ಹಬ್ಬಕ್ಕೆ ಲೈಟಿಂಗ್ ಮಾಡುವಾಗ ಇರುವ ಉಮೇದಿನಲ್ಲಿ ಸ್ವಲ್ಪ ಈ ಕಡೆ ಕೊಡಿ. ಭಾನುವಾರ ಇಬ್ಬಿಬ್ಬರಂತೆ ಇಂಥ ಮನೆಗಳಲ್ಲಿ ಎರಡು ಗಂಟೆ ಕೂತರೆ ಸಾಕು. ಚಿಕ್ಕಮ್ಮ ಪೂಜೆಗೆ ಹೋಗಲಿ, ಬೇಡ ಅನ್ನಿಸಿದರೆ ಮಲಗಲಿ. ಮಗ್ಗುಲು ಬದಲಿಸುವುದು ಹೇಗೆ ಅಂತ ಆ ನರ್ಸ್ ಹೇಳಿಕೊಡುತ್ತಾರೆ. ಚಿಕ್ಕಮ್ಮನ ಭಾವಂದಿರಿಗೂ ಹೇಳಿಕೊಡಬಹುದು, ಅವರು ಬರುವುದಾದರೆ.